ಕೋಳಿಗೆ ಥೈರಾಯ್ಡ್ ಹಾರ್ಮೋನ್ ಜಾಸ್ತಿಯಾದಾಗ: ಲಿವರ್ ದೋಷದ ಮೂಲ ಹುಡುಕುವುದು ಹೇಗೆ

ಏಪ್ರಿಲ್ ನಡುವಿನ ಬಿಸಿಲು. ಹಿತ್ತಲಲ್ಲಿ ಮೂವತ್ತು ನಾಟಿ ಕೋಳಿ ಸಾಕಿಕೊಂಡಿದ್ದ ಅಕ್ಕ ಒಬ್ಬರು ಫೋನ್ ಮಾಡಿದ್ದರು. "ಡಾಕ್ಟ್ರೇ, ಹಾಕಿದಷ್ಟೂ ತಿಂತಾವೆ, ಮೈ ಮಾತ್ರ ಹಿಡೀತಿಲ್ಲ. ಪುಕ್ಕ ಗುಡಿಸಿ ಗುಡಿಸಿ ಸಾಕಾಯ್ತು. ಲಿವರ್ ಟಾನಿಕ್ ಹಾಕಿ ಮೂರು ವಾರ ಆಯ್ತು, ಏನೂ ಬದಲಾಗಿಲ್ಲ" ಎಂದರು.

ಹೋಗಿ ಒಂದು ಹ್ಯಾಟೆಯನ್ನು ಎತ್ತಿಕೊಂಡೆ. ಎದೆಮೂಳೆ ಅಂಗೈಗೆ ಚುಚ್ಚಿತು. ಎರಡೂ ಕಡೆ ಮಾಂಸ ಕರಗಿಹೋಗಿತ್ತು. ಬೆರಳಿನ ಕೆಳಗೆ ಗುಂಡಿಗೆ ಹೊಲಿಗೆ ಮೆಷಿನ್ ಹಾಗೆ ಓಡುತ್ತಿತ್ತು. ನೆರಳಲ್ಲಿ ನಿಂತಿದ್ದರೂ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಕತ್ತು ಮತ್ತು ಬೆನ್ನಿನ ಮೇಲೆ ಹಳೇ ಪುಕ್ಕ ಉದುರಿ, ಹೊಸ ಪುಕ್ಕದ ಕಡ್ಡಿಗಳು ಒಟ್ಟಿಗೇ ಮುಳ್ಳಿನಂತೆ ಎದ್ದಿದ್ದವು.

ಮೂರು ವಾರದ ಹಿಂದೆ ಸತ್ತ ಎರಡು ಕೋಳಿಯನ್ನು ಯಾರೋ ಕೊಯ್ದು ನೋಡಿ, "ಲಿವರ್ ಬಿಳಿಚಿದೆ, ಕೊಬ್ಬಿನ ಲಿವರ್" ಎಂದು ಹೇಳಿ ಹೋಗಿದ್ದರಂತೆ. ಟಾನಿಕ್ ಶುರುವಾಗಿದ್ದೇ ಈ ಜಾಡಿನಲ್ಲಿ. ಆವತ್ತು ಬೆಳಿಗ್ಗೆ ಸತ್ತಿದ್ದ ಮೂರನೇ ಕೋಳಿಯನ್ನು ನಾನೇ ಕೊಯ್ದೆ. ಲಿವರ್ ಬಿಳಿಚಿದ್ದು ನಿಜ. ಆದರೆ ಹೊಟ್ಟೆಯೊಳಗೆ ಒಂದು ಚೂರು ಕೊಬ್ಬಿರಲಿಲ್ಲ. ಕೊಬ್ಬಿನ ಲಿವರ್‌ನಿಂದ ಸಾಯುವ ಕೋಳಿಯ ಹೊಟ್ಟೆಯಲ್ಲಿ ಕೊಬ್ಬಿನ ರಾಶಿಯೇ ಇರುತ್ತದೆ. ಇಲ್ಲಿ ಎರಡೂ ತಾಳೆಯಾಗುತ್ತಿರಲಿಲ್ಲ. ನನ್ನ ಅನುಮಾನ ಹೋದದ್ದು ಮೈ ಉರಿಯುವ ವೇಗ ಏರಿಸುವ ಥೈರಾಯ್ಡ್ ಹಾರ್ಮೋನ್ ಕಡೆಗೆ.

ಈ ತಾಳೆಯಾಗದ ಜಾಗದಿಂದಲೇ ಹುಡುಕಾಟ ಶುರು ಮಾಡಬೇಕು. ಅದು ಹೇಗೆ ಅಂತ ಕೆಳಗೆ ಬರೆದಿದ್ದೇನೆ.

ಮೊದಲು ಒಂದು ಮಾತು: ಇದು ಹೊರಗಿನಿಂದ ಬರುವ ದೋಷ

ನಾಯಿ, ಬೆಕ್ಕು, ಮನುಷ್ಯರಲ್ಲಿ ಥೈರಾಯ್ಡ್ ಗ್ರಂಥಿ ತಾನಾಗಿಯೇ ಕೆಟ್ಟು ಹಾರ್ಮೋನ್ ಜಾಸ್ತಿ ಸುರಿಸುವುದುಂಟು. ವಯಸ್ಸಾದ ಬೆಕ್ಕುಗಳಲ್ಲಿ ಇದು ತೀರಾ ಸಾಮಾನ್ಯ. ಸಾಕಿದ ಕೋಳಿಯಲ್ಲಿ ಹಾಗೆ ಆಗುವುದು ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪ. ಒಂದಿಡೀ ಹಿಂಡಿನಲ್ಲಿ ಈ ಲಕ್ಷಣ ಕಂಡರೆ ಹಾರ್ಮೋನ್ ಬಾಯಿಂದ ಒಳಗೆ ಹೋಗುತ್ತಿದೆ ಎಂದೇ ಹಿಡಿಯಿರಿ. ಮೇವು, ನೀರು, ಇಲ್ಲವೇ ಯಾರದೋ ಕೈ, ಈ ಮೂರರಲ್ಲಿ ಒಂದು. ಆದ್ದರಿಂದ ಇಲ್ಲಿ ರೋಗದ ಹೆಸರು ಹೇಳಿ ಮುಗಿಸಿದರೆ ಕೆಲಸ ಅರ್ಧವೂ ಆಗಿರುವುದಿಲ್ಲ. ಮೂಲ ಸಿಗಬೇಕು.

ಇನ್ನೊಂದು ವಿಷಯ. ತೂಕಕ್ಕೆ ಹೋಲಿಸಿದರೆ ಕೋಳಿ ನಮಗಿಂತ ಎಷ್ಟೋ ಜಾಸ್ತಿ ಥೈರಾಕ್ಸಿನ್ (ಥೈರಾಯ್ಡ್‌ನ ಮುಖ್ಯ ಹಾರ್ಮೋನ್) ತಯಾರಿಸುತ್ತದೆ, ಅಷ್ಟೇ ಬೇಗ ಖರ್ಚೂ ಮಾಡುತ್ತದೆ. ಮನುಷ್ಯನ ರಕ್ತದಲ್ಲಿ ಥೈರಾಕ್ಸಿನ್ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಕೋಳಿಯಲ್ಲಿ ಕೆಲವೇ ಗಂಟೆ ಸಾಕು. ಹಾಗಾಗಿ ಎಂದೋ ಒಂದು ದಿನ ಬಿದ್ದ ಮಾತ್ರೆಯನ್ನು ಕುಕ್ಕಿದ ಕೋಳಿ ಹೀಗಾಗುವುದಿಲ್ಲ. ದಿನಾ, ವಾರಗಟ್ಟಲೆ ಒಳಗೆ ಹೋಗುತ್ತಿದ್ದರೆ ಮಾತ್ರ ಹೀಗಾಗುತ್ತದೆ. ನೀವು ಹುಡುಕಬೇಕಾದ್ದು ದಿನನಿತ್ಯದ ಅಭ್ಯಾಸವನ್ನು.

ಲಿವರ್‌ಗೆ ಯಾಕೆ ಪೆಟ್ಟು ಬೀಳುತ್ತದೆ

ಥೈರಾಯ್ಡ್ ಗ್ರಂಥಿ ಬಿಡುವುದು ಬಹುಪಾಲು ಟಿ-4, ಅಂದರೆ ಥೈರಾಕ್ಸಿನ್. ಕೆಲಸ ಮಾಡುವುದು ಟಿ-3. ಟಿ-4ರಿಂದ ಒಂದು ಅಯೋಡಿನ್ ತೆಗೆದು ಟಿ-3 ಮಾಡುವ ಮುಖ್ಯ ಜಾಗಗಳಲ್ಲಿ ಲಿವರ್ ಒಂದು. ಕೆಲಸ ಮುಗಿದ ಟಿ-3ಯನ್ನು ಒಡೆದು ಸುಮ್ಮನಾಗಿಸುವುದೂ ಲಿವರ್ರೇ. ಅಂದರೆ ಗೇಟು ತೆಗೆಯುವವರೂ ಮುಚ್ಚುವವರೂ ಒಬ್ಬರೇ. ಹೊರಗಿನಿಂದ ಹಾರ್ಮೋನ್ ಸುರಿಯುತ್ತಲೇ ಇದ್ದರೆ ಮೊದಲ ಹೊರೆ ಬೀಳುವುದು ಇಲ್ಲಿಗೆ.

ಕೋಳಿಯ ಲಿವರ್‌ಗೆ ಇನ್ನೊಂದು ದೊಡ್ಡ ಕೆಲಸವಿದೆ. ಹಂದಿ, ದನಗಳಲ್ಲಿ ಮೈಕೊಬ್ಬು ತಯಾರಾಗುವುದು ಬಹುಪಾಲು ಚರ್ಮದ ಕೆಳಗಿನ ಕೊಬ್ಬಿನ ಪದರದಲ್ಲೇ. ಕೋಳಿಯಲ್ಲಿ ಹಾಗಲ್ಲ. ಹೆಚ್ಚುಕಡಿಮೆ ಅಷ್ಟೂ ಕೊಬ್ಬು ಲಿವರ್‌ನಲ್ಲೇ ತಯಾರಾಗಿ ರಕ್ತದ ಮೂಲಕ ಮೈಗೂ ಮೊಟ್ಟೆಯ ಹಳದಿಗೂ ಹೋಗುತ್ತದೆ. ಕೊಬ್ಬು ತಯಾರಿಸುವ ಕಿಣ್ವಗಳನ್ನು ಚುರುಕು ಮಾಡುವುದರಲ್ಲಿ ಟಿ-3ಗೂ ಪಾಲಿದೆ. ಹಾಗಾದರೆ ಟಿ-3 ಜಾಸ್ತಿಯಾದರೆ ಕೋಳಿ ದಪ್ಪಗಾಗಬೇಕಲ್ವಾ? ಆಗುವುದಿಲ್ಲ. ತಯಾರಿಯ ವೇಗಕ್ಕಿಂತ ಉರಿಸುವ ವೇಗ ಮುಂದೆ ಹೋಗುತ್ತದೆ. ಲಿವರ್ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೋಜನ್, ಖಾಲಿಯಾಗುತ್ತದೆ, ಹೊಟ್ಟೆಯ ಕೊಬ್ಬು ಕರಗುತ್ತದೆ, ಆಮೇಲೆ ಎದೆಯ ಮಾಂಸ.

ಜೀವಕೋಶದೊಳಗಿನ ಒಲೆ ಹೀಗೆ ಹಗಲೂ ರಾತ್ರಿ ಉರಿದರೆ ಹೊಗೆಯೂ ಜಾಸ್ತಿ. ಈ 'ಹೊಗೆ' ಅಂದರೆ ಫ್ರೀ ರ್‍ಯಾಡಿಕಲ್‌ಗಳು. ಅವು ಜೀವಕೋಶದ ಪೊರೆಯ ಕೊಬ್ಬನ್ನೇ ಸುಡುತ್ತವೆ. ಅದನ್ನು ತಡೆಯುವ ವಿಟಮಿನ್ ಇ ಮತ್ತು ಗ್ಲುಟಾಥಯೋನ್ ಬೇಗ ಖರ್ಚಾಗುತ್ತವೆ. ಮೇವಿನಲ್ಲಿ ವಿಟಮಿನ್ ಇ ಮೊದಲೇ ಕಡಿಮೆ ಇದ್ದರೆ ಪೆಟ್ಟು ಇನ್ನೂ ಬೇಗ ಕಾಣುತ್ತದೆ.

ಬೇಸಿಗೆಯಲ್ಲಿ ಇದು ಎರಡು ಪಟ್ಟು ಕಷ್ಟ. ಸೆಕೆ ಏರಿದಾಗ ಆರೋಗ್ಯದ ಕೋಳಿ ತನ್ನ ಥೈರಾಯ್ಡ್ ಕೆಲಸವನ್ನು ತಾನೇ ಇಳಿಸಿಕೊಂಡು ಮೈಯ ಕಾವು ಕಡಿಮೆ ಮಾಡಿಕೊಳ್ಳುತ್ತದೆ. ಹೊರಗಿನಿಂದ ಹಾರ್ಮೋನ್ ಬರುತ್ತಿದ್ದರೆ ಆ ದಾರಿ ಮುಚ್ಚಿಹೋಗುತ್ತದೆ. ಜನವರಿಯಲ್ಲಿ ತಡೆದುಕೊಂಡ ಕೋಳಿ ಏಪ್ರಿಲ್‌ನಲ್ಲಿ ಸಾಯುವುದು ಇದಕ್ಕೇ.

ಕೈಯಲ್ಲಿ ಹಿಡಿದು ನೋಡುವುದು

ತೂಕದಿಂದ ಶುರು ಮಾಡಿ. ಕಣ್ಣಳತೆ ಬೇಡ, ತಕ್ಕಡಿ ಬೇಕು. ಹತ್ತು ಕೋಳಿಯನ್ನಾದರೂ ತೂಗಿ. ಎದೆಮೂಳೆಯ ಎರಡು ಕಡೆ ಬೆರಳಾಡಿಸಿ ಮಾಂಸ ಎಷ್ಟಿದೆ ನೋಡಿ. ನಾಲ್ಕು ದಿನ ಮೇವನ್ನು ಅಳೆದು ಹಾಕಿ. ತಿನ್ನುವುದು ಕಡಿಮೆಯಾಗಿ ತೂಕ ಇಳಿದಿದ್ದರೆ ಅದಕ್ಕೆ ನೂರು ಕಾರಣ ಇರುತ್ತವೆ. ತಿನ್ನುವುದು ಹಾಗೇ ಇದ್ದು, ಅಥವಾ ಜಾಸ್ತಿಯಾಗಿ, ತೂಕ ಇಳಿದಿದ್ದರೆ ಕಾರಣಗಳು ಬೆರಳೆಣಿಕೆಗೆ ಬರುತ್ತವೆ: ಹೊಟ್ಟೆಹುಳು, ಕರುಳಿನ ರಕ್ತಭೇದಿ, ಮೇವಿನಲ್ಲೇ ಸತ್ವ ಇಲ್ಲದಿರುವುದು, ಕೊನೆಗೆ ಥೈರಾಯ್ಡ್. ಮೊದಲ ಮೂರನ್ನು ಹಿಕ್ಕೆ ಪರೀಕ್ಷೆ ಮತ್ತು ಮೇವಿನ ಪರೀಕ್ಷೆಯಿಂದ ದಾಟಿಬಿಡಿ.

ಆಮೇಲೆ ಪುಕ್ಕ. ಥೈರಾಕ್ಸಿನ್ ಜಾಸ್ತಿಯಾದರೆ ಕೋಳಿ ಪುಕ್ಕ ಉದುರಿಸುತ್ತದೆ ಎಂಬುದು ಹೊಸ ಸಂಗತಿಯಲ್ಲ. 1920ರ ದಶಕದಲ್ಲೇ ಒಣಗಿಸಿದ ಥೈರಾಯ್ಡ್ ಗ್ರಂಥಿಯನ್ನು ಕೋಳಿಗಳಿಗೆ ತಿನ್ನಿಸಿ ಇದನ್ನು ಕಂಡಿದ್ದರು. ದೊಡ್ಡ ಪ್ರಮಾಣ ಕೊಟ್ಟಾಗ ಹೊಸ ಪುಕ್ಕದ ಬಣ್ಣವೇ ಬಿಳಿಚಿಕೊಂಡಿತ್ತು. ಸಾಮಾನ್ಯವಾಗಿ ಪುಕ್ಕ ಬದಲಾಗುವುದು ತಲೆ, ಕತ್ತಿನಿಂದ ಶುರುವಾಗಿ ನಿಧಾನವಾಗಿ ಹಿಂದಕ್ಕೆ ಹೋಗುತ್ತದೆ, ಹಿಂಡಿನಲ್ಲಿ ಒಂದೊಂದು ಕೋಳಿ ಒಂದೊಂದು ಹಂತದಲ್ಲಿರುತ್ತದೆ. ಇಲ್ಲಿ ಹೆಚ್ಚಿನ ಕೋಳಿಗಳು ಒಟ್ಟಿಗೇ, ಕಾಲವಲ್ಲದ ಕಾಲದಲ್ಲಿ ಪುಕ್ಕ ಬಿಟ್ಟಿರುತ್ತವೆ. ಒಂದು ಎಚ್ಚರಿಕೆ: ಒಂದು ದಿನ ನೀರು ತಪ್ಪಿದರೂ, ಲೈಟ್ ಟೈಮಿಂಗ್ ಕೆಟ್ಟರೂ ಲೇಯರ್ (ಮೊಟ್ಟೆ ಕೋಳಿ) ಹಿಂಡು ಹೀಗೇ ಪುಕ್ಕ ಬಿಡುತ್ತದೆ. ಕರೆಂಟ್, ಮೋಟರ್ ಕೈಕೊಟ್ಟ ದಿನ ಯಾವುದಾದರೂ ಇತ್ತಾ ಅಂತ ಕೇಳಲು ಮರೆಯಬೇಡಿ.

ಹಿಕ್ಕೆಯನ್ನೂ ನೋಡಿ. ಲಿವರ್ ಕೆಟ್ಟರೆ ಮನುಷ್ಯರ ಹಾಗೆ ಕಣ್ಣು ಹಳದಿಯಾಗುತ್ತದೆ ಎಂದು ಕೋಳಿಯಲ್ಲಿ ಹುಡುಕಬೇಡಿ. ಕೋಳಿಯ ಪಿತ್ತದ ಬಣ್ಣ ಹಳದಿಯಲ್ಲ, ಹಸಿರು. ಹಿಕ್ಕೆಯ ಮೇಲಿನ ಬಿಳಿ ಸುಣ್ಣದಂಥ ಭಾಗ ಹಸಿರಾಗಿದ್ದರೆ ಲಿವರ್ ಕಡೆ ಅನುಮಾನ ಪಡಬಹುದು. ಹಸಿದ ಕೋಳಿಯ ಹಿಕ್ಕೆಯೂ ಹಸಿರೇ. ಅದಕ್ಕೇ ಮೇವಿನ ಲೆಕ್ಕ ಮೊದಲು ಬೇಕು ಅಂದದ್ದು.

ಕೊಯ್ದು ನೋಡುವಾಗ

ಒಂದೇ ಸಲ ತುಂಬಾ ಕೋಳಿ ಸತ್ತು, ತಲೆ ಊದಿ, ಜುಟ್ಟು ನೀಲಿಗಟ್ಟಿದ್ದರೆ ಕೊಯ್ಯಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ ದೂರ ನಿಲ್ಲಿ. 2020ರ ಮಾರ್ಚ್‌ನಲ್ಲಿ ಮೈಸೂರಿಗೆ ಹಕ್ಕಿಜ್ವರ ಬಂದದ್ದು ನೆನಪಿರಲಿ. ಕೆಳಗಿನ ಮಾತು ದಿನಕ್ಕೊಂದು ಎರಡು ಸಾಯುವ, ಸೊರಗುವ ಹಿಂಡಿಗೆ ಮಾತ್ರ.

ಹೆಚ್ಚಿನವರು ಹೊಟ್ಟೆ ಕೊಯ್ದು, ಲಿವರ್ ನೋಡಿ, ಅಲ್ಲಿಗೇ ನಿಲ್ಲಿಸುತ್ತಾರೆ. ಥೈರಾಯ್ಡ್ ನೋಡುವವರು ಕಡಿಮೆ. ಅದು ಗಂಟಲ ಮಧ್ಯೆ ಇರುವುದಿಲ್ಲ. ಕತ್ತು ಎದೆಗೂಡಿಗೆ ಇಳಿಯುವ ಜಾಗದಲ್ಲಿ, ಶ್ವಾಸನಾಳದ ಎಡಕ್ಕೊಂದು ಬಲಕ್ಕೊಂದು, ಕತ್ತಿಗೆ ಹೋಗುವ ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡು ಇರುತ್ತದೆ. ಮೊಟ್ಟೆಯಾಕಾರ, ಕಡುಗೆಂಪು, ಹೊಳಪು. ಎಳೆ ಕೋಳಿಯಲ್ಲಿ ಕತ್ತಿನುದ್ದಕ್ಕೂ ಮಣಿ ಪೋಣಿಸಿದ ಹಾಗೆ ಬಿಳಿಗೆಂಪು ಥೈಮಸ್ ಇರುತ್ತದೆ. ಅದನ್ನು ಥೈರಾಯ್ಡ್ ಎಂದುಕೊಳ್ಳಬೇಡಿ. ಥೈರಾಯ್ಡ್ ಪಕ್ಕದಲ್ಲೇ ಹಳದಿ ಚುಕ್ಕೆಯಂತಿರುವುದು ಪ್ಯಾರಾಥೈರಾಯ್ಡ್, ಅದೂ ಬೇರೆ.

ಈಗ ಗಾತ್ರ ನೋಡಿ. ಇಡೀ ಪರೀಕ್ಷೆಯಲ್ಲಿ ನನಗೆ ತುಂಬಾ ಭರವಸೆ ಇರುವ ಗುರುತು ಇದು. ಹಾರ್ಮೋನ್ ಹೊರಗಿನಿಂದ ಬರುತ್ತಿದ್ದರೆ ಮೆದುಳಿನ ಕೆಳಗಿನ ಪಿಟ್ಯುಟರಿ "ಇನ್ನು ಸಾಕು" ಎಂದು ಸುಮ್ಮನಾಗುತ್ತದೆ. ಕೋಳಿಯ ಸ್ವಂತ ಥೈರಾಯ್ಡ್ ಕೆಲಸವಿಲ್ಲದೆ ಕುಗ್ಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳಗಿನ ಕೋಶಗಳು ಚಪ್ಪಟೆಯಾಗಿರುತ್ತವೆ. ಅಂದರೆ ಮೈಯಲ್ಲಿ ಥೈರಾಯ್ಡ್ ಜಾಸ್ತಿಯಾದ ಲಕ್ಷಣ, ಆದರೆ ಗ್ರಂಥಿ ಮಾತ್ರ ಸಣ್ಣದು. ಅದೇ ಗ್ರಂಥಿ ದಪ್ಪಗಾಗಿ ಕಂಡರೆ ನೀವು ಬೇರೆ ದಾರಿಯಲ್ಲಿದ್ದೀರಿ. ಅದು ಅಯೋಡಿನ್ ಕೊರತೆಯೋ, ಸಾಸಿವೆ ಹಿಂಡಿಯೋ ಇರಬೇಕು. ಹೋಲಿಸಲು ಅದೇ ವಯಸ್ಸಿನ, ಅದೇ ತಳಿಯ ಆರೋಗ್ಯದ ಕೋಳಿಯದೊಂದು ಗ್ರಂಥಿ ಪಕ್ಕದಲ್ಲಿಟ್ಟುಕೊಳ್ಳಿ.

ಹೊಟ್ಟೆಯ ಕೊಬ್ಬು, ಗಿಜಾರ್ಡ್ (ಕಾಳು ಅರೆಯುವ ಹೊಟ್ಟೆ) ಸುತ್ತಲಿನ ಕೊಬ್ಬು ನೋಡಿ. ಗುಂಡಿಗೆ ದೊಡ್ಡದಾಗಿದೆಯಾ, ಬಲಗಡೆ ಹಿಗ್ಗಿದೆಯಾ ನೋಡಿ. ಕೊನೆಗೆ ಲಿವರ್. ಥೈರಾಯ್ಡ್ ಜಾಸ್ತಿಯಾದ ಕೋಳಿಯ ಲಿವರ್‌ಗೆ ತನ್ನದೇ ಆದ ಮುದ್ರೆ ಇಲ್ಲ. ಬಿಳಿಚಿರಬಹುದು, ಮೆತ್ತಗಿರಬಹುದು, ಗುಂಡಿಗೆ ಸೋತಿದ್ದರೆ ರಕ್ತ ಕಟ್ಟಿ ಕಪ್ಪಾಗಿರಬಹುದು. ಲಿವರ್ ಒಂದನ್ನೇ ನೋಡಿ ಥೈರಾಯ್ಡ್ ಎಂದು ಹೇಳುವವರ ಮಾತು ನಂಬಬೇಡಿ. ಲಿವರ್, ಕೊಬ್ಬು, ಗ್ರಂಥಿ, ಗುಂಡಿಗೆ ನಾಲ್ಕನ್ನೂ ಒಂದೇ ತಟ್ಟೆಯಲ್ಲಿ ಇಟ್ಟು ನೋಡಬೇಕು.

ಲ್ಯಾಬ್‌ಗೆ ಕಳಿಸುವ ಲಿವರ್ ಮತ್ತು ಥೈರಾಯ್ಡ್ ತುಂಡನ್ನು 10 ಪರ್ಸೆಂಟ್ ಫಾರ್ಮಲಿನ್‌ನಲ್ಲಿ ಹಾಕಿ. ತುಂಡು ಅರ್ಧ ಸೆಂಟಿಮೀಟರಿಗಿಂತ ದಪ್ಪ ಬೇಡ, ಫಾರ್ಮಲಿನ್ ತುಂಡಿನ ಹತ್ತು ಪಟ್ಟು ಇರಲಿ. ವಿಷದ ಪರೀಕ್ಷೆಗೆ ಬೇರೆ ತುಂಡನ್ನು ಐಸ್‌ನಲ್ಲಿ ಇಡಿ. ಇಡೀ ಲಿವರನ್ನು ಒಂದು ಬಾಟಲಿಗೆ ತುರುಕಿ ಕಳಿಸಿದರೆ ಒಳಗೆ ಕೊಳೆತು ಬರುತ್ತದೆ, ಯಾರಿಗೂ ಪ್ರಯೋಜನವಿಲ್ಲ.

ಹಾಗೇ ಕಾಣುವ ಬೇರೆ ದೋಷಗಳು

ಕೊಬ್ಬಿನ ಲಿವರ್ ರಕ್ತಸ್ರಾವ. ನಮ್ಮ ಲೇಯರ್ ಫಾರಂಗಳಲ್ಲಿ ಹೆಚ್ಚು ಕಾಣುವುದು ಇದೇ, ಥೈರಾಯ್ಡ್ ಅಲ್ಲ. 1956ರಲ್ಲಿ ಅಮೆರಿಕದ ಟೆಕ್ಸಾಸ್‌ನಿಂದ ಇದರ ಮೊದಲ ವರದಿ ಬಂತು. ಚೆನ್ನಾಗಿ ಮೊಟ್ಟೆ ಇಡುತ್ತಿರುವ, ದಷ್ಟಪುಷ್ಟ ಕೋಳಿ ಇದ್ದಕ್ಕಿದ್ದಂತೆ ಸಾಯುತ್ತದೆ. ಜುಟ್ಟು ಬಿಳಿಚಿರುತ್ತದೆ. ಹೊಟ್ಟೆ ಕೊಯ್ದರೆ ಲಿವರ್ ಮೇಲೆ ದೊಡ್ಡ ರಕ್ತದ ಹೆಪ್ಪು. ಲಿವರ್ ಹಳದಿ, ಬೆರಳಿಟ್ಟರೆ ಬೆಣ್ಣೆ ಹಾಗೆ ಒಡೆಯುತ್ತದೆ. ಒಣತೂಕದಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಭಾಗ ಕೊಬ್ಬೇ ಇರುತ್ತದೆ. ಹೊಟ್ಟೆಯಲ್ಲೂ ಕೊಬ್ಬಿನ ಗಡ್ಡೆ. ಕೇಜ್‌ನಲ್ಲಿ ಓಡಾಟವಿಲ್ಲ, ಮೆಕ್ಕೆಜೋಳದ ಶಕ್ತಿ ಜಾಸ್ತಿ, ಮೇಲೆ ಸೆಕೆ. ಥೈರಾಯ್ಡ್ ದೋಷಕ್ಕೂ ಇದಕ್ಕೂ ಇರುವ ಗೆರೆ ಒಂದೇ: ಇಲ್ಲಿ ಕೋಳಿ ತೂಕ ಮೀರಿರುತ್ತದೆ, ಅಲ್ಲಿ ತೂಕ ಕಳೆದುಕೊಂಡಿರುತ್ತದೆ. ತಕ್ಕಡಿ ತಂದ ಮೇಲೆ ಇವೆರಡನ್ನು ಬೆರೆಸಿಕೊಳ್ಳಲು ಸಾಧ್ಯವೇ ಇಲ್ಲ.

ಸಾಸಿವೆ ಹಿಂಡಿ. ಇದನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಥೈರಾಯ್ಡ್ ಮತ್ತು ಲಿವರ್ ಎರಡಕ್ಕೂ ಒಟ್ಟಿಗೇ ಪೆಟ್ಟು ಕೊಡುತ್ತದೆ, ಆದರೆ ಉಲ್ಟಾ ದಿಕ್ಕಿನಲ್ಲಿ. ಸಾಸಿವೆ, ರೇಪ್‌ಸೀಡ್ ಹಿಂಡಿಯಲ್ಲಿರುವ ಗ್ಲುಕೋಸಿನೊಲೇಟ್‌ಗಳು ಥೈರಾಯ್ಡ್ ಕೆಲಸವನ್ನು ತಡೆಯುತ್ತವೆ. ಗ್ರಂಥಿ ದಪ್ಪಗಾಗುತ್ತದೆ. ಮೊಟ್ಟೆ ಕೋಳಿಗಳ ಲಿವರ್‌ನಲ್ಲಿ ರಕ್ತಸ್ರಾವವೂ ಆಗುತ್ತದೆ. ಸೋಯಾ ದರ ಏರಿದಾಗೆಲ್ಲ ಇಂಥ ಹಿಂಡಿ ಮೇವಿನೊಳಗೆ ಬರುತ್ತದೆ. 2021ರಲ್ಲಿ ಸೋಯಾ ಬೆಲೆ ಮುಗಿಲು ಮುಟ್ಟಿ, ಸರ್ಕಾರ 12 ಲಕ್ಷ ಟನ್ ಸೋಯಾ ಹಿಂಡಿ ಆಮದಿಗೆ ಒಪ್ಪಿದ ವರ್ಷ ನೆನಪಿದೆಯಲ್ಲ, ಅಂಥ ಹೊತ್ತಿನಲ್ಲಿ ಮೇವಿನ ಫಾರ್ಮುಲಾ ಬದಲಾಗಿದೆಯಾ ಎಂದು ಕೇಳಲೇಬೇಕು. ಲಿವರ್‌ನಲ್ಲಿ ರಕ್ತ, ಕತ್ತಿನಲ್ಲಿ ದಪ್ಪ ಗ್ರಂಥಿ: ಹಿಂಡಿ ಚೀಲ ನೋಡಿ.

ಬೂಷ್ಟು ವಿಷ. ಅಫ್ಲಾಟಾಕ್ಸಿನ್ ತಿಂದ ಕೋಳಿಯ ಲಿವರ್ ಕೂಡ ಬಿಳಿಚಿ ಹಳದಿಯಾಗುತ್ತದೆ, ಕೋಳಿ ಸೊರಗುತ್ತದೆ, ಮೊಟ್ಟೆ ಇಳಿಯುತ್ತದೆ. ಆದರೆ ಇಲ್ಲಿ ಕೋಳಿ ತಿನ್ನುವುದನ್ನೂ ಕಡಿಮೆ ಮಾಡುತ್ತದೆ, ಏದುಸಿರು ಇರುವುದಿಲ್ಲ. ಹಾವೇರಿ, ದಾವಣಗೆರೆ ಕಡೆಯ ಮೆಕ್ಕೆಜೋಳ ಕೊಯ್ಲಿನ ಹೊತ್ತಿಗೆ ಮಳೆ ಸಿಕ್ಕಿದ ವರ್ಷ ಇದು ಜಾಸ್ತಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷ ಟರ್ಕಿ ಮರಿಗಳನ್ನು ಕೊಂದದ್ದು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ. ಈ ವಿಷಕ್ಕೆ ಹೆಸರು ಸಿಕ್ಕಿದ್ದೇ ಆ ಘಟನೆಯ ನಂತರ. ಕಾಳಿನ ತೇವ ಅಳೆಯಿರಿ, ಮೇವಿನ ಸ್ಯಾಂಪಲ್ ಕಳಿಸಿ.

ಬ್ರಾಯ್ಲರ್ ಹೊಟ್ಟೆನೀರು. ಮೇವಿನಲ್ಲಿ ಟಿ-3 ಬೆರೆಸಿ ಬ್ರಾಯ್ಲರ್‌ನಲ್ಲಿ ಹೊಟ್ಟೆನೀರು ಬರಿಸುವುದು ಸಂಶೋಧನೆಯಲ್ಲಿ ಹಳೆಯ ವಿಧಾನ. ದೇಹ ಆಮ್ಲಜನಕ ಜಾಸ್ತಿ ಕೇಳುತ್ತದೆ, ಶ್ವಾಸಕೋಶ ಅಷ್ಟು ಕೊಡಲಾರದು, ಗುಂಡಿಗೆಯ ಬಲಭಾಗ ಸೋಲುತ್ತದೆ, ಲಿವರ್‌ನಲ್ಲಿ ರಕ್ತ ಕಟ್ಟಿ ಅದರಿಂದ ನೀರು ಒಸರಿ ಹೊಟ್ಟೆ ತುಂಬುತ್ತದೆ. ಫಾರಂನಲ್ಲಿ ಇದೇ ಕೆಲಸವನ್ನು ಚಳಿ ಮಾಡುತ್ತದೆ. ಮರಿಗಳಿಗೆ ಕೊಡುವ ಬ್ರೂಡಿಂಗ್ ಕಾವು ಕಡಿಮೆಯಾದರೆ ಮರಿಯ ಸ್ವಂತ ಟಿ-3 ಏರುತ್ತದೆ. ಡಿಸೆಂಬರ್ ರಾತ್ರಿ ಕೋಲಾರ, ಬೆಂಗಳೂರು ಗ್ರಾಮಾಂತರದ ಶೆಡ್‌ಗಳಲ್ಲಿ ಪರದೆ ಪೂರ್ತಿ ಇಳಿಸಿ, ಒಳಗೆ ಅಮೋನಿಯಾ ಕಟ್ಟಿಕೊಂಡರೆ ಎರಡೂ ಸೇರಿ ಐದನೇ ವಾರಕ್ಕೆ ಹೊಟ್ಟೆನೀರು ಕಾಣುತ್ತದೆ. ಇಲ್ಲಿ ಹೊರಗಿನ ಹಾರ್ಮೋನ್ ಹುಡುಕುವುದು ವ್ಯರ್ಥ. ಬ್ರೂಡರ್ ಕೆಳಗೆ ಥರ್ಮಾಮೀಟರ್ ಇಡಿ. ಗುಂಡಿಗೆಯ ಬಲ ಹೃತ್ಕುಕ್ಷಿಯ (ಕೆಳಗಿನ ಕೋಣೆಯ) ತೂಕವನ್ನು ಎರಡೂ ಹೃತ್ಕುಕ್ಷಿಗಳ ಒಟ್ಟು ತೂಕದಿಂದ ಭಾಗಿಸಿ. 0.3 ದಾಟಿದ್ದರೆ ದಾರಿ ಸ್ಪಷ್ಟ.

ಮೂರರಿಂದ ಆರು ವಾರದ ಬ್ರಾಯ್ಲರ್‌ಗಳು ಏಕಾಏಕಿ ಸತ್ತು, ಊದಿದ ಲಿವರ್ ಮೇಲೆ ಸೂಜಿಮೊನೆ ರಕ್ತಚುಕ್ಕೆ, ಗುಂಡಿಗೆ ಚೀಲದಲ್ಲಿ ಲಿಚಿ ಹಣ್ಣಿನ ತಿರುಳಿನಂಥ ನೀರು ಇದ್ದರೆ ಅದು ಅಡಿನೋ ವೈರಸ್. ಅಲ್ಲಿ ಈ ಕೈಪಿಡಿಯನ್ನು ಮುಚ್ಚಿಡಿ.

ರಕ್ತ ಪರೀಕ್ಷೆಯಲ್ಲಿ ಮೋಸ ಹೋಗುವ ಜಾಗಗಳು

ಮೊದಲ ತಪ್ಪು ಎಲ್ಲರೂ ಮಾಡುವಂಥದ್ದು. ಅನುಮಾನ ಬಂದ ಕೂಡಲೇ ಆ ಮೇವು ನಿಲ್ಲಿಸಿ, ನಾಲ್ಕು ದಿನ ಬಿಟ್ಟು ರಕ್ತ ತೆಗೆಯುವುದು. ಅಷ್ಟರಲ್ಲಿ ಹಾರ್ಮೋನ್ ತೊಳೆದು ಹೋಗಿರುತ್ತದೆ. ಮೊದಲು ರಕ್ತ ತೆಗೆಯಿರಿ, ಮೇವಿನ ಸ್ಯಾಂಪಲ್ ಎತ್ತಿಡಿ, ಆಮೇಲೆ ಅದೇ ಗಳಿಗೆಯಲ್ಲಿ ಮೇವು ನಿಲ್ಲಿಸಿ.

ಎರಡನೆಯದು ಹಸಿವು. ಉಪವಾಸ ಇದ್ದ ಕೋಳಿಯ ಟಿ-3 ಇಳಿಯುತ್ತದೆ, ಟಿ-4 ಏರುತ್ತದೆ. ಮನುಷ್ಯರ ಹಾಗೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆದರೆ ತಪ್ಪು ಚಿತ್ರ ಬರುತ್ತದೆ. ಮೇವು ತಿಂದಿರುವ ಕೋಳಿಗಳಿಂದ, ಎಲ್ಲದಕ್ಕೂ ಒಂದೇ ಹೊತ್ತಿನಲ್ಲಿ, ರೆಕ್ಕೆಯ ರಕ್ತನಾಳದಿಂದ ತೆಗೆಯಿರಿ. ದೇಹತೂಕದ ನೂರಕ್ಕೆ ಒಂದು ಭಾಗ ದಾಟಬೇಡಿ.

ಮೂರನೆಯದು ಲ್ಯಾಬ್ ರಿಪೋರ್ಟ್. ಊರಿನ ಲ್ಯಾಬ್‌ನಲ್ಲಿ ಮನುಷ್ಯರ ಕಿಟ್ ಇರುತ್ತದೆ. ಆರೋಗ್ಯದ ಕೋಳಿಯ ಟಿ-4 ಮಿಲಿ ಲೀಟರಿಗೆ ಸುಮಾರು 5ರಿಂದ 15 ನ್ಯಾನೋಗ್ರಾಂ. ಮನುಷ್ಯರಲ್ಲಿ ಇದರ ಹತ್ತು ಪಟ್ಟಿನ ಆಸುಪಾಸು. ಹಾಗಾಗಿ ಗಟ್ಟಿಮುಟ್ಟಾದ ಕೋಳಿಯ ರಕ್ತ ಕೊಟ್ಟರೂ ರಿಪೋರ್ಟ್‌ನಲ್ಲಿ ಕೆಂಪು ಅಕ್ಷರದಲ್ಲಿ 'ಕಡಿಮೆ' ಎಂದು ಬರುತ್ತದೆ. ಹಾರ್ಮೋನ್ ನಾಲ್ಕು ಪಟ್ಟು ಏರಿದ ಕೋಳಿಯದ್ದು 'ನಾರ್ಮಲ್' ಎಂದು ಬರಬಹುದು! ಪಕ್ಕದಲ್ಲಿ ಅಚ್ಚಾದ ಮಿತಿಗಳನ್ನು ಮರೆತುಬಿಡಿ. ಬೇರೆ ಮನೆಯ, ಬೇರೆ ಮೇವು ತಿಂದ ನಾಲ್ಕೈದು ಆರೋಗ್ಯದ ಕೋಳಿಗಳ ರಕ್ತವನ್ನೂ ಅದೇ ದಿನ ಅದೇ ಲ್ಯಾಬ್‌ಗೆ ಕೊಡಿ, ಅದರೊಂದಿಗೆ ಹೋಲಿಸಿ. ಟಿಎಸ್‌ಎಚ್‌ಗೆ, ಅಂದರೆ ಪಿಟ್ಯುಟರಿ ಥೈರಾಯ್ಡ್‌ಗೆ ಕಳಿಸುವ ಆದೇಶದ ಹಾರ್ಮೋನ್ ಪರೀಕ್ಷೆಗೆ, ದುಡ್ಡು ಹಾಕಬೇಡಿ. ಮನುಷ್ಯರ ಕಿಟ್ ಕೋಳಿಯ ಟಿಎಸ್‌ಎಚ್ ಹಿಡಿಯುವುದಿಲ್ಲ.

ಟಿ-4 ಮತ್ತು ಟಿ-3 ಎರಡೂ ಏರಿದ್ದರೆ ಒಳಗೆ ಹೋಗುತ್ತಿರುವುದು ಥೈರಾಕ್ಸಿನ್. ಟಿ-3 ಏರಿ ಟಿ-4 ನೆಲಕಚ್ಚಿದ್ದರೆ ನೇರ ಟಿ-3ಯೇ ಹೋಗುತ್ತಿದೆ, ಗ್ರಂಥಿ ಮಲಗಿದೆ.

ಲಿವರ್ ಪರೀಕ್ಷೆಗೆ ಮನುಷ್ಯರ ಎಲ್‌ಎಫ್‌ಟಿ (ಲಿವರ್‌ನ ರಕ್ತ ಪರೀಕ್ಷೆಗಳ ಗುಂಪು) ಪೂರ್ತಿ ಬೇಡ. ಬಿಲಿರುಬಿನ್, ಎಸ್‌ಜಿಪಿಟಿ ಕೋಳಿಯಲ್ಲಿ ಹೆಚ್ಚೇನೂ ಹೇಳುವುದಿಲ್ಲ. ಎಸ್‌ಜಿಒಟಿ ಎಂಬ ಕಿಣ್ವ ಹೇಳುತ್ತದೆ, ಆದರೆ ಅದು ಮಾಂಸಖಂಡದಿಂದಲೂ ಬರುತ್ತದೆ. ಈ ಕೋಳಿಗಳ ಮಾಂಸ ಕರಗುತ್ತಿರುವುದರಿಂದ ಜೊತೆಗೆ ಸಿಕೆ (ಮಾಂಸಖಂಡದ ಕಿಣ್ವ) ಪರೀಕ್ಷೆಯೂ ಬೇಕು. ಎರಡೂ ಏರಿದ್ದರೆ ಮಾಂಸಖಂಡದ ಪಾಲಿದೆ. ಎಸ್‌ಜಿಒಟಿ ಮಾತ್ರ ಏರಿದ್ದರೆ ಬೆರಳು ಲಿವರ್ ಕಡೆ ತೋರಿಸಬಹುದು. ಪಿತ್ತರಸ ಆಮ್ಲದ ಪರೀಕ್ಷೆ ಸಿಗುವ ಕಡೆ ಅದನ್ನು ಮಾಡಿಸಿ.

ಮೂಲ ಎಲ್ಲಿ

ಕಸಾಯಿ ತುಂಡು ನನ್ನ ಪಟ್ಟಿಯಲ್ಲಿ ಮೊದಲು. ಕುರಿ, ಮೇಕೆಯ ಗಂಟಲ ಕೊಳವೆಗೆ ಅಂಟಿಕೊಂಡೇ ಥೈರಾಯ್ಡ್ ಬರುತ್ತದೆ. ಮಾರಾಟಕ್ಕೆ ಬಾರದ ಈ ತುಂಡುಗಳು ಅಗ್ಗಕ್ಕೆ, ಇಲ್ಲವೇ ಪುಕ್ಕಟೆ ಸಿಗುತ್ತವೆ. ಬೇಯಿಸಿದರೆ ರೋಗಾಣು ಸಾಯುತ್ತವೆ, ಹಾರ್ಮೋನ್ ಸಾಯುವುದಿಲ್ಲ. 1984–85ರಲ್ಲಿ ಅಮೆರಿಕದ ಮಿನ್ನೆಸೊಟಾ ಮತ್ತು ಅಕ್ಕಪಕ್ಕದಲ್ಲಿ ನೂರಕ್ಕೂ ಹೆಚ್ಚು ಜನ ಎದೆಬಡಿತ ಏರಿ, ತೂಕ ಇಳಿದು ಆಸ್ಪತ್ರೆಗೆ ಬಂದರು. ಅವರು ತಿಂದದ್ದು ಬೇಯಿಸಿದ ದನದ ಮಾಂಸವನ್ನೇ. ಕೊಚ್ಚಿದ ಮಾಂಸದಲ್ಲಿ ಗಂಟಲ ಭಾಗ ಸೇರಿ ಥೈರಾಯ್ಡ್ ಹೊಟ್ಟೆಗೆ ಹೋಗಿತ್ತು. ಮನುಷ್ಯರಿಗೆ ಆದದ್ದು ಹಿತ್ತಲ ಕೋಳಿಗೂ ಆಗುತ್ತದೆ.

ಮಾತ್ರೆ ಎರಡನೆಯದು. ಪುಕ್ಕ ಬೇಗ ಬದಲಾಗಲಿ, ಮೈ ಹೊಳೆಯಲಿ ಎಂದು ಪಾರಿವಾಳಕ್ಕೆ, ಹುಂಜಕ್ಕೆ ಮನೆಯಲ್ಲಿರುವ ಥೈರಾಯ್ಡ್ ಮಾತ್ರೆ ಕೊಡುವವರಿದ್ದಾರೆ. ಬೈದು ಕೇಳಿದರೆ ಯಾರೂ ಹೇಳುವುದಿಲ್ಲ. "ಮನೇಲಿ ಯಾರಿಗಾದ್ರೂ ಥೈರಾಯ್ಡ್ ಇದೆಯಾಮ್ಮಾ, ಮಾತ್ರೆ ಎಲ್ಲಿ ಇಡ್ತೀರಿ?" ಎಂದು ಸಮಾಧಾನವಾಗಿ ಕೇಳಿ.

ಐಯೋಡಿನೇಟೆಡ್ ಕೇಸಿನ್ ಎಂಬ ಹಾಲಿನ ಪ್ರೋಟೀನಿನ ಪುಡಿಗೆ ಥೈರಾಕ್ಸಿನ್ ಗುಣವಿದೆ. 1940ರ ದಶಕದಲ್ಲಿ ಬೇಸಿಗೆಯಲ್ಲಿ ಮೊಟ್ಟೆ ಇಳಿಯದಿರಲಿ ಎಂದು ಅಮೆರಿಕದಲ್ಲಿ ಕೋಳಿಗೆ ಕೊಟ್ಟು ನೋಡಿದ್ದರು. ಇದು ಟನ್ನಿಗೆ ಗ್ರಾಂ ಲೆಕ್ಕದಲ್ಲಿ ಬೆರೆಸುವ ವಸ್ತು. ಒಂದು ಸೊನ್ನೆ ತಪ್ಪಿದರೂ ಅನಾಹುತ. ಹೆಸರಿಲ್ಲದ 'ಬೂಸ್ಟರ್' ಪುಡಿ ಇದ್ದರೆ ಅದನ್ನೂ ಸ್ಯಾಂಪಲ್ ತೆಗೆಯಿರಿ.

ಅಯೋಡಿನ್ ನೀರಿನ ಮೇಲೆ ಮಾತ್ರ ಸುಮ್ನೆ ತಪ್ಪು ಹೊರಿಸಬೇಡಿ. ಶೆಡ್ ತೊಳೆಯುವ ಅಯೋಡಿನ್ ದ್ರಾವಣದಿಂದ ಥೈರಾಯ್ಡ್ ಏರಿತು ಎನ್ನುವವರು ಬಹಳ. ಅಯೋಡಿನ್ ಬೇರೆ, ಹಾರ್ಮೋನ್ ಬೇರೆ. ಅತಿಯಾದ ಅಯೋಡಿನ್‌ನ ಗುರುತೇ ಬೇರೆ: ಪ್ರಯೋಗದಲ್ಲಿ ಮೇವಿಗೆ ಕಿಲೋಗೆ 5000 ಮಿಲಿಗ್ರಾಂನಷ್ಟು ಅಯೋಡಿನ್ ಹಾಕಿದಾಗ ಕೋಳಿಗಳು ಮೊಟ್ಟೆ ನಿಲ್ಲಿಸಿದವು, ತೆಗೆದ ಒಂದು ವಾರದೊಳಗೆ ಮತ್ತೆ ಶುರು ಮಾಡಿದವು.

ಸಿಕ್ಕ ಮೇಲೆ

ಮೂಲ ನಿಲ್ಲಿಸುವುದೇ ಮದ್ದು. ಮನುಷ್ಯರಿಗೆ ಕೊಡುವ ಥೈರಾಯ್ಡ್ ಇಳಿಸುವ ಮಾತ್ರೆಯನ್ನು ನಾವು ತಿನ್ನುವ ಕೋಳಿಗೆ ಹಾಕಬೇಡಿ, ಬೇಕಾಗಿಯೂ ಇಲ್ಲ. ಬಿಸಿಲಲ್ಲಿ ಹಿಡಿದು ಓಡಾಡಿಸಬೇಡಿ. ನೆರಳು, ತಣ್ಣೀರು, ಶೆಡ್ ಮೇಲೆ ತೆಂಗಿನ ಗರಿ. ಉಪವಾಸ ಹಾಕಲೇಬೇಡಿ, ಲಿವರ್‌ನಲ್ಲಿ ಕೂಡಿಟ್ಟದ್ದು ಏನೂ ಉಳಿದಿಲ್ಲ. ವಿಟಮಿನ್ ಇ, ಸೆಲೆನಿಯಂ ಕೊಡಿ, ಚೀಟಿಯ ಪ್ರಮಾಣ ಮೀರಬೇಡಿ, ಸೆಲೆನಿಯಂ ಜಾಸ್ತಿಯಾದರೆ ಅದೇ ವಿಷ. ಲಿವರ್ ಟಾನಿಕ್ ಬೇಕಿದ್ದರೆ ಈಗ ಕೊಡಿ, ಈಗ ಅದಕ್ಕೆ ಕೆಲಸವಿದೆ.

ಆ ಕೋಳಿಗಳ ಮೊಟ್ಟೆಯನ್ನು ತಿನ್ನಬೇಡಿ, ಮಾರಬೇಡಿ, ಕಾವಿಗೂ ಇಡಬೇಡಿ. ತಾಯಿಯ ರಕ್ತದಲ್ಲಿ ಏರಿದ ಥೈರಾಕ್ಸಿನ್ ಮೊಟ್ಟೆಯ ಹಳದಿಗೆ ಇಳಿಯುತ್ತದೆ. ಹಳದಿ ಹಲವು ದಿನಗಳಲ್ಲಿ ಪದರ ಪದರವಾಗಿ ಕಟ್ಟುವುದರಿಂದ, ಮೂಲ ನಿಲ್ಲಿಸಿದ ಮೇಲೂ ಎರಡು ವಾರ ಮೊಟ್ಟೆ ಬಿಸಾಡಿಸುವುದು ನನ್ನ ರೂಢಿ.

ರಕ್ತ ಕೆಲವು ದಿನಕ್ಕೇ ಸರಿಹೋಗುತ್ತದೆ. ಏದುಸಿರು ಮೊದಲು ನಿಲ್ಲುತ್ತದೆ, ಆಮೇಲೆ ತೂಕ. ಪುಕ್ಕಕ್ಕೆ ವಾರಗಳು ಬೇಕು. ಹತ್ತು ದಿನ ಕಳೆದರೂ ಏದುಸಿರು ನಿಲ್ಲದಿದ್ದರೆ ಮೂಲ ಇನ್ನೂ ಒಳಗೆ ಬರುತ್ತಿದೆ, ಇಲ್ಲವೇ ನಿಮ್ಮ ಅಂದಾಜು ತಪ್ಪು. ಎರಡರಲ್ಲಿ ಯಾವುದು ಅಂತ ತಕ್ಕಡಿ ಹಿಡಿದು ಮತ್ತೆ ಮೊದಲಿಂದ ನೋಡಿ.

ಆ ಅಕ್ಕನ ಹಿತ್ತಲಿಗೆ ವಾಪಸ್ ಬರುತ್ತೇನೆ. ಮೂರನೇ ಕೋಳಿಯ ಥೈರಾಯ್ಡ್ ಹುಡುಕಲು ಕಷ್ಟವಾಗುವಷ್ಟು ಸಣ್ಣದಿತ್ತು. ರಕ್ತದ ಟಿ-4 ಎದುರು ಮನೆಯ ಕೋಳಿಗಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು. ಮನೆಯಲ್ಲಿ ಯಾರಿಗೂ ಥೈರಾಯ್ಡ್ ಇರಲಿಲ್ಲ, ಯಾವ ಪುಡಿಯೂ ಇರಲಿಲ್ಲ. "ಕಾಳು ಬಿಟ್ಟು ಇನ್ನೇನು ಹಾಕ್ತೀರಕ್ಕ?" ಎಂದು ಮೂರನೇ ಸಲ ಕೇಳಿದಾಗ ಒಲೆಯ ಪಕ್ಕದ ಡಬರಿ ತೋರಿಸಿದರು. ಸಂಕ್ರಾಂತಿ ಆದ ಮೇಲೆ ಅವರ ತಮ್ಮ ಮಟನ್ ಅಂಗಡಿಗೆ ಕೆಲಸಕ್ಕೆ ಸೇರಿದ್ದ. ದಿನಾ ಸಂಜೆ ಹತ್ತು ಹನ್ನೆರಡು ಕುರಿಯ ಗಂಟಲ ತುಂಡು ತರುತ್ತಿದ್ದ. ಅಕ್ಕ ಅದನ್ನು ಅರಿಶಿನ ಹಾಕಿ, ಚೆನ್ನಾಗಿ ಬೇಯಿಸಿ, ಕೊಚ್ಚಿ ಹಾಕುತ್ತಿದ್ದರು. ಕೋಳಿ ಚೆನ್ನಾಗಿರಲಿ ಅಂತ.

ಡಬರಿಯೊಳಗಿನ ಒಂದು ಕೊಳವೆ ಎತ್ತಿ ಅದರ ಪಕ್ಕಕ್ಕೆ ಅಂಟಿದ್ದ ಕಂದು ಗಡ್ಡೆಗಳನ್ನು ತೋರಿಸಿದೆ. ಅವರು ತುಂಬಾ ಹೊತ್ತು ಅದನ್ನೇ ನೋಡಿದರು. ಆವತ್ತು ಸಂಜೆಯೇ ಅದು ನಿಂತಿತು. ಆರನೇ ದಿನ ಫೋನ್ ಮಾಡಿ, ಮಧ್ಯಾಹ್ನದ ಬಿಸಿಲಲ್ಲೂ ಕೋಳಿಗಳು ಬಾಯಿ ಮುಚ್ಚಿಕೊಂಡು ಮಾವಿನ ಮರದ ಕೆಳಗೆ ಕೂತಿವೆ ಎಂದರು. ಇಪ್ಪತ್ತೇಳು ಉಳಿದಿದ್ದವು. ಜೂನ್ ಮಳೆಗೆ ಹೊಸ ಪುಕ್ಕ ತುಂಬಿತ್ತು, ತೂಗಿದ ಹತ್ತೂ ಕೋಳಿ ಮೊದಲಿನ ತೂಕಕ್ಕೆ ಬಂದಿದ್ದವು.